ಅಕ್ಷರದ ಅಳತೆ ಯಾರ ಕೈಯಲ್ಲಿರಬೇಕು?

ಸಭೆಗೆ ನಮಸ್ಕಾರ.

ಆ್ಯಪ್ ಕಟ್ಟುವವರೇ ಹೆಚ್ಚಾಗಿ ಸೇರಿರುವ ಈ ಸಭಾಂಗಣದಲ್ಲಿ ಸೆಟ್ಟಿಂಗ್ಸ್‌ನ ಅಕ್ಷರದ ಗಾತ್ರದೊಂದಿಗೆ ಹಿಗ್ಗುವ ಅಳತೆ ಎಸ್‌ಪಿ, ಅದಕ್ಕೆ ಜಗ್ಗದ ಅಳತೆ ಡಿಪಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರ ಪರದೆಯಲ್ಲಿ ನಮ್ಮ ವಿನ್ಯಾಸ ಕೆಟ್ಟುಹೋಗುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಬೆಳಗಿನಿಂದ ಮೂವರು ನನ್ನನ್ನು ಕೇಳಿದ್ದಾರೆ. ತಡೆಯುವುದು ಬಹಳ ಸುಲಭ. ಆ್ಯಪ್ ಕಟ್ಟುವ ಸಲಕರಣೆಯಾದ ರಿಯಾಕ್ಟ್ ನೇಟಿವ್‌ನಲ್ಲಿ, ಅಕ್ಷರ ಹಿಗ್ಗಲು ಬಿಡುವ ‘ಅಲೋ ಫಾಂಟ್ ಸ್ಕೇಲಿಂಗ್’ ಎಂಬುದಕ್ಕೆ ಫಾಲ್ಸ್, ಅಂದರೆ ಬೇಡ, ಎಂದು ಕೊಟ್ಟರಾಯಿತು, ಅಂಥದೇ ಇನ್ನೊಂದು ಸಲಕರಣೆಯಾದ ಫ್ಲಟರ್‌ನಲ್ಲಿ ಮೀಡಿಯಾ ಕ್ವೆರಿ ಹೇಳುವ ಅಕ್ಷರದ ಪ್ರಮಾಣವನ್ನು ಒಂದಕ್ಕೆ ಕಟ್ಟಿಹಾಕಿದರಾಯಿತು, ಆಂಡ್ರಾಯ್ಡ್‌ನಲ್ಲಿ ಎಸ್‌ಪಿ ಇದ್ದಲ್ಲೆಲ್ಲ ಡಿಪಿ ಬರೆದರಾಯಿತು. ಆ ಒಂದು ಸಾಲನ್ನು ನಾನೂ ಒಮ್ಮೆ ಬರೆದವನೇ. ಅದು ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಹೇಳುವುದಕ್ಕಾಗಿಯೇ ಇಲ್ಲಿ ನಿಂತಿದ್ದೇನೆ.

ಆಗ ನಾನಿದ್ದ ಕಂಪನಿಯ ಹೆಸರು ಬೇಡ. ಬಿಲ್ಲು ಕಟ್ಟುವ ಆ್ಯಪ್ ಅದು. ಬಿಡುಗಡೆಯ ಹಿಂದಿನ ಸಂಜೆ ಪರೀಕ್ಷಕರು ಬಂದು, ದೊಡ್ಡಕ್ಷರದಲ್ಲಿ ಗುಂಡಿಯ ಮೇಲಿನ ಬರಹ ಹೊರಗೆ ಚೆಲ್ಲುತ್ತಿದೆ ಎಂದರು. ನಾನು ಒಂದು ಸಾಲು ಸೇರಿಸಿದೆ, ಚೆಲ್ಲುವುದು ನಿಂತಿತು, ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋದೆವು. ದೀಪಾವಳಿಗೆ ಊರಿಗೆ ಹೋದಾಗ, ಚಾಳೀಸು ಬಂದು ಇಪ್ಪತ್ತು ವರ್ಷ ದಾಟಿದ ನನ್ನ ಸೋದರತ್ತೆ ಜಗಲಿಯ ಮೇಲೆ ಎರಡು ಫೋನುಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಒಂದರಲ್ಲಿ ನಮ್ಮದೇ ಆ್ಯಪ್ ತೆರೆದಿತ್ತು. ಮತ್ತೊಂದು ಮಾವನದು, ಅದರ ಕ್ಯಾಮರಾದಿಂದ ಮೊದಲನೆಯ ಫೋನಿನ ಪರದೆಯ ಫೋಟೊ ತೆಗೆದು, ಆ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಮೊತ್ತವನ್ನು ಓದಿ, ಚೀಟಿಯ ಮೇಲೆ ಬರೆದುಕೊಂಡು, ಮತ್ತೆ ಮೊದಲನೆಯದಕ್ಕೆ ಬರುವಷ್ಟರಲ್ಲಿ ನಮ್ಮ ಆ್ಯಪ್ ‘ಅವಧಿ ಮುಗಿದಿದೆ’ ಎಂದು ಅವರನ್ನು ಹೊರಗೆ ದಬ್ಬುತ್ತಿತ್ತು. ಆ ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆಯಬಹುದಲ್ಲ ಅತ್ತೆ ಎಂದೆ. ‘ಇದರಲ್ಲಿ ಬರೋದಿಲ್ಲ ಕಣೋ, ಯಾರೋ ಪುಣ್ಯಾತ್ಮ ಅದನ್ನೂ ಬಂದ್ ಮಾಡಿದಾನೆ’ ಎಂದರು. ಭದ್ರತೆಗೆಂದು ಸ್ಕ್ರೀನ್‌ಶಾಟ್ ತಡೆಯುವ ಆ ಸಾಲನ್ನು ಬರೆದ ಪುಣ್ಯಾತ್ಮನೂ ನಾನೇ. ಹೋಳಿಗೆ ತಿನ್ನುತ್ತ ಸುಮ್ಮನಿದ್ದೆ.

ಅತ್ತೆ ಆ ಫೋನು ಕೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರವನ್ನು ಕೊನೆಯ ತುದಿಗೆ ಎಳೆದಿದ್ದರು. ‘ನನಗೆ ಇಷ್ಟು ಬೇಕು’ ಎಂದು ಅವರು ಸ್ಪಷ್ಟವಾಗಿ ಹೇಳಿಯಾಗಿತ್ತು. ಪಂಕ್ತಿಯಲ್ಲಿ ಕೂತವರು ಇನ್ನೊಂದು ಸೌಟು ಎಂದರೆ, ಎಲೆಯ ಅಂದ ಕೆಡುತ್ತದೆಂದು ಬಡಿಸುವವನು ಮುಂದೆ ಹೋಗುವುದಿಲ್ಲ. ಅಕ್ಷರದ ಅಳತೆ ಓದುವವರದು.

ವಿನ್ಯಾಸ ಕೆಡುತ್ತದೆ ಎನ್ನುತ್ತೇವಲ್ಲ, ಅದನ್ನು ಕೆಡಿಸುವುದು ಅಕ್ಷರವಲ್ಲ; ಗುಂಡಿಗೆ ನಾವು 48 ಡಿಪಿ ಎತ್ತರವನ್ನು ಮೊಳೆ ಹೊಡೆದಂತೆ ಕೂರಿಸಿರುತ್ತೇವೆ. ಇಂಗ್ಲಿಷಿನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ‘ಲಕ್ಷ್ಮಿ’ಯಂಥ ಹೆಸರು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಎತ್ತರ ಮೊಟಕಾದ ಗುಂಡಿಯಲ್ಲಿ ಮೊದಲು ಕತ್ತರಿಸಿಹೋಗುವುದು ಆ ಒತ್ತೇ. ‘ಹಣ ಕಟ್ಟಿ’ ಎಂಬುದು ‘ಹಣ ಕಟಿ’ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒತ್ತು ಹೋದರೆ ಕತ್ತೆಯೂ ಕತೆಯಾಗುವ ಭಾಷೆ ನಮ್ಮದು. ಇಂಗ್ಲಿಷಿನ ಗುಂಡಿಯಲ್ಲಿ ‘ಕ್ಯಾನ್ಸಲ್’ ಆರು ಅಕ್ಷರದ ಜಾಗ ಹಿಡಿದರೆ ‘ರದ್ದುಗೊಳಿಸಿ’ ಅಗಲವನ್ನೂ ಹೆಚ್ಚು ಬೇಡುತ್ತದೆ, ಕೆಳಗೆ ದ-ಒತ್ತಿಗೂ ಜಾಗ ಕೇಳುತ್ತದೆ. ಆಂಡ್ರಾಯ್ಡ್ 15ಕ್ಕೆ ಗುರಿಯಿಟ್ಟ ಆ್ಯಪ್‌ಗಳಲ್ಲಿ ‘ಎಲಿಗಂಟ್ ಟೆಕ್ಸ್ಟ್ ಹೈಟ್’ ಎಂಬ ಗುಣ ತಾನಾಗಿಯೇ ಜಾರಿಗೆ ಬರುತ್ತದೆ. ಎತ್ತರ ಹೆಚ್ಚು ಬೇಡುವ ಲಿಪಿಗಳನ್ನು ಕುಗ್ಗಿಸಿದ ಫಾಂಟಿನ ಬದಲು ಸಲೀಸಾಗಿ ಓದಬಲ್ಲ ಫಾಂಟು ಬರಲೆಂದು ಮಾಡಿದ ಏರ್ಪಾಡು ಅದು, ಆ ಲಿಪಿಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಗುಂಡಿಗೆ ನಾವು ಮೊಳೆ ಹೊಡೆದೇ ಇದ್ದರೆ ಆ ಏರ್ಪಾಡೂ ಏನು ಮಾಡೀತು? ಎತ್ತರದ ಬದಲು ಕನಿಷ್ಠ ಎತ್ತರ ಕೊಡಿ, ಪೆಟ್ಟಿಗೆ ಬೆಳೆಯಲಿ. ಅಕ್ಕಪಕ್ಕದಲ್ಲಿ ಹಿಡಿಸದ ಎರಡು ಗುಂಡಿಗಳು ಒಂದರ ಕೆಳಗೊಂದು ನಿಲ್ಲಲಿ. ಮೊತ್ತವನ್ನಂತೂ ಎಂದಿಗೂ ಮೂರು ಚುಕ್ಕಿಯಿಂದ ಮುಗಿಸಬೇಡಿ. 12,450 ರೂಪಾಯಿ ‘12,4…’ ಎಂದು ಕಾಣುವ ಪರದೆಯ ಮೇಲೆ ಯಾರು ಧೈರ್ಯವಾಗಿ ಒಪ್ಪಿಗೆ ಒತ್ತುತ್ತಾರೆ?

ಹಾಗಾದರೆ ಮಿತಿಯೇ ಬೇಡವೇ ಎಂದು ಹಿಂದಿನ ಸಾಲಿನ ಗೆಳೆಯರು ಕೈ ಎತ್ತಿದ್ದಾರೆ. ಬೇಕು, ಕೆಲವೆಡೆ ಬೇಕು. ಐಫೋನಿನಲ್ಲಿ ಮುಖ್ಯ ಬರಹದ ಅಕ್ಷರ ಸಾಮಾನ್ಯವಾಗಿ 17 ಪಾಯಿಂಟ್ ಇರುತ್ತದೆ, ಅತಿ ದೊಡ್ಡ ಅಳತೆಯಲ್ಲಿ 53ಕ್ಕೆ ಏರುತ್ತದೆ. ಪರದೆಯ ಅಡಿಯಲ್ಲಿ ಗುಂಡಿಗಳ ಸಾಲಾಗಿರುವ ಟ್ಯಾಬ್ ಪಟ್ಟಿ ಅಷ್ಟು ಬೆಳೆದರೆ ಉಳಿದದ್ದಕ್ಕೆ ಜಾಗವೇ ಇರದು. ಆದ್ದರಿಂದ ಆ್ಯಪಲ್ ಆ ಪಟ್ಟಿಯನ್ನು ಬೆಳೆಸುವುದಿಲ್ಲ. ಬದಲಿಗೆ ಗುಂಡಿಯನ್ನು ಒತ್ತಿಹಿಡಿದರೆ ಅದರ ಚಿತ್ರವನ್ನೂ ಹೆಸರನ್ನೂ ಪರದೆಯ ನಡುವೆ ದೊಡ್ಡದಾಗಿ ತೋರಿಸುತ್ತದೆ. ಬೆಳವಣಿಗೆಯನ್ನು ತಡೆದವರು ಬೇರೆ ದಾರಿಯೊಂದನ್ನು ತೆರೆದಿಟ್ಟರು ಎಂಬುದನ್ನು ಗಮನಿಸಿ. 2023ರಲ್ಲಿ ಬಂದ ಆಂಡ್ರಾಯ್ಡ್ 14 ಅಕ್ಷರವನ್ನು ಶೇಕಡಾ 200ರವರೆಗೆ ಹಿಗ್ಗಿಸಲು ಬಿಡುತ್ತದೆ, ಆದರೆ ಮೊದಲೇ ದೊಡ್ಡದಾಗಿರುವ ಶೀರ್ಷಿಕೆಯನ್ನು ಸಣ್ಣಕ್ಷರದಷ್ಟು ವೇಗದಲ್ಲಿ ಹಿಗ್ಗಿಸುವುದಿಲ್ಲ. ನಮ್ಮ ಅರ್ಧ ಚಿಂತೆಯನ್ನು ವ್ಯವಸ್ಥೆಯೇ ಹೊತ್ತುಕೊಂಡಿದೆ. ಉಳಿದರ್ಧಕ್ಕೆ ರಿಯಾಕ್ಟ್ ನೇಟಿವ್‌ನಲ್ಲಿ, ಅಕ್ಷರ ಎಷ್ಟು ಪಟ್ಟು ಹಿಗ್ಗಬಹುದೆಂದು ಹೇಳುವ ‘ಮ್ಯಾಕ್ಸ್ ಫಾಂಟ್ ಸೈಜ್ ಮಲ್ಟಿಪ್ಲೈಯರ್’ ಇದೆ, ಫ್ಲಟರ್‌ನಲ್ಲಿ ಅಕ್ಷರ ಹಿಗ್ಗಿಸುವ ಟೆಕ್ಸ್ಟ್ ಸ್ಕೇಲರ್‌ಗೆ ಮೇಲಿನ ಮಿತಿ ಹಾಕಬಹುದು. ಆ ಮಿತಿಯನ್ನು ಒಂದು ಪಟ್ಟಿಗೆ, ಒಂದು ಗಡಿಯಾರಕ್ಕೆ ಹಾಕಿ. ಇಡೀ ಆ್ಯಪ್‌ನ ನೆತ್ತಿಯ ಮೇಲೆ ಹಾಕಬೇಡಿ. ಮತ್ತೆ ಅದೇ ಮಾತಿಗೆ ಬಂದೆನೆಂದು ನಗುತ್ತಿದ್ದೀರಿ, ಆದರೂ ಹೇಳುತ್ತೇನೆ: ಅಳತೆ ಓದುವವರದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಕಾನೂನಿನ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ತಿರುಳೂ ಬಳಕೆಯೂ ಕೆಡದಂತೆ ಪಠ್ಯ ಶೇಕಡಾ 200ರಷ್ಟು ಹಿಗ್ಗಬೇಕೆಂಬ ಮಾತು, ವೆಬ್ಬನ್ನು ಅಂಗವಿಕಲರೂ ಬಳಸುವಂತಿರಬೇಕೆಂದು ಮಾಡಿದ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ 2008ರಿಂದಲೂ ಇದೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಇ-ಕೆವೈಸಿ ಕುರಿತ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ.

ಕೊನೆಗೆ ಪರೀಕ್ಷೆಯ ಮಾತು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರವನ್ನು ತುದಿಗೆ ಎಳೆದು, ಡಿಸ್‌ಪ್ಲೇ ಗಾತ್ರವನ್ನೂ ಹಿಗ್ಗಿಸಿ, ನಿಮ್ಮ ಆ್ಯಪ್‌ನಲ್ಲಿ ಒಂದು ಬಿಲ್ಲನ್ನು ಆರಂಭದಿಂದ ರಸೀದಿಯವರೆಗೆ ಕಟ್ಟಿನೋಡಿ. ನಾನು ಆ ಸಾಲನ್ನು ಅಳಿಸಿದ ಮೇಲೆ ನಮ್ಮ ಪರದೆಗಳನ್ನು ಸರಿಪಡಿಸಲು ಎರಡು ವಾರ ಹಿಡಿಯಿತು, ಹನ್ನೊಂದು ಕಡೆ ಎತ್ತರದ ಮೊಳೆ ಕೀಳಬೇಕಾಯಿತು. ಚಹಾದ ವೇಳೆಯಲ್ಲಿ ಆ ಹನ್ನೊಂದನ್ನೂ ತೋರಿಸುತ್ತೇನೆ. ಬರುವವರು ಫೋನಿನ ಅಕ್ಷರವನ್ನು ಈಗಲೇ ದೊಡ್ಡದು ಮಾಡಿಕೊಂಡು ಬನ್ನಿ.