ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮಂದಿರಿಗೆ: ನಿಮ್ಮ ಅರ್ಜಿಯನ್ನು ನೀವೇ ಓದಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಕೆಲವರು ಬಾಣಂತನಕ್ಕೆ ಹೊರಟಿದ್ದೀರಿ, ಕೆಲವರು ಮೊಮ್ಮಗುವಿನ ನಾಮಕರಣಕ್ಕೆ, ಇನ್ನು ಕೆಲವರು ಮಕ್ಕಳ ಮನೆ ನೋಡಿಕೊಂಡು ಬರಲು. ಹಾಗಾಗಿ ಬಿ1/ಬಿ2 ಎಂಬ ಪ್ರವಾಸಿ ವೀಸಾ ಅಂದರೇನು ಎಂಬಲ್ಲಿಂದ ಶುರುಮಾಡುವುದಿಲ್ಲ. ಮುಖ್ಯವಾಗಿ ಹೇಳಬೇಕಾದದ್ದು ಒಂದೇ ಮಾತು. ವೀಸಾಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಡಿಎಸ್-160 ಅರ್ಜಿಯನ್ನು ಯಾರು ಬೇಕಾದರೂ ತುಂಬಿಕೊಡಲಿ, ಕಳಿಸುವ ಮುಂಚೆ ಅದರ ಪ್ರತಿ ಸಾಲನ್ನೂ ನೀವು ಓದಬೇಕು. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಹೇಳಿಸಿಕೊಂಡು ಕೇಳಬೇಕು.

ನಮ್ಮ ಮನೆಗಳಲ್ಲಿ ಏನಾಗುತ್ತದೆ ನೋಡಿ. ಹಾಸನದ ಕಡೆಯ ಒಬ್ಬ ತಾಯಿ ಅಂದುಕೊಳ್ಳಿ. ಪ್ರಸಂಗ ಕಲ್ಪಿಸಿದ್ದೇ, ಆದರೆ ಇದರಲ್ಲಿನ ಒಂದೊಂದು ತಪ್ಪೂ ಮನೆಗಳಲ್ಲಿ ಆಗುವಂಥದ್ದೇ. ಆಕೆ ಪ್ರೈಮರಿ ಸ್ಕೂಲ್ ಟೀಚರಾಗಿ ರಿಟೈರಾದವರು, ಪೆನ್ಷನ್ ಬರುತ್ತದೆ. ಮಗ ನ್ಯೂಜೆರ್ಸಿಯಲ್ಲಿ. ಅವನು ಕೆಲಸ ಮುಗಿಸಿ ರಾತ್ರಿ ಫಾರಂ ತೆರೆಯುತ್ತಾನೆ. ಇಪ್ಪತ್ತು ನಿಮಿಷ ಮುಟ್ಟದೆ ಬಿಟ್ಟರೆ ಆ ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ, ಉಳಿಸದಿದ್ದದ್ದೆಲ್ಲ ಹೋಗುತ್ತದೆ. ಹಾಗಾಗಿ ಗಡಿಬಿಡಿ. ಅಮ್ಮನ ಉದ್ಯೋಗ? ಗೃಹಿಣಿ ಅಂತ ಒತ್ತಿದ. ಎಷ್ಟು ದಿನ ಇರುತ್ತಾರೆ? ಕಮ್ಮಿ ಹಾಕಿದರೆ ವೀಸಾ ಸುಲಭ ಅಂತ ಗೆಳೆಯ ಹೇಳಿದ್ದ, ಎರಡು ತಿಂಗಳು ಅಂತ ಬರೆದ. ಹಿಂದೆ ಯಾವಾಗಲಾದರೂ ವೀಸಾ ನಿರಾಕರಣೆ ಆಗಿದೆಯೇ? ಇಲ್ಲ. ಅಪ್ಪ ಇದ್ದಾಗ ಇಬ್ಬರೂ ಒಮ್ಮೆ ಅರ್ಜಿ ಹಾಕಿ ವಾಪಸು ಬಂದಿದ್ದು ಆಗ ಹಾಸ್ಟೆಲ್‌ನಲ್ಲಿದ್ದ ಅವನಿಗೆ ಗೊತ್ತೇ ಇಲ್ಲ.

ಈಗ ಚೆನ್ನೈನ ಅಮೆರಿಕ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನದ ಕಿಟಕಿ. "ಏನು ಕೆಲಸ ಮಾಡ್ತೀರಿ?" "ಟೀಚರಾಗಿದ್ದೆ, ರಿಟೈರಾಗಿದೀನಿ." ಪರದೆಯ ಮೇಲೆ ಗೃಹಿಣಿ ಅಂತಿದೆ. "ಎಷ್ಟು ದಿನ ಇರ್ತೀರಿ?" "ಮಗು ಬೋರಲು ಬೀಳೋದು ನೋಡ್ಕೊಂಡೇ ಬರಬೇಕು ಅಂತಿದೆ, ಐದಾರು ತಿಂಗಳು." (ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಇದನ್ನೇ ಹೇಳುವವರು!) ಪರದೆಯ ಮೇಲೆ ಎರಡು ತಿಂಗಳಿದೆ. "ಹಿಂದೆ ವೀಸಾ ಕೊಡದೆ ಇದ್ದದ್ದುಂಟಾ?" "ಹೌದು, ನಮ್ಮ ಯಜಮಾನರಿದ್ದಾಗ." ಪರದೆಯ ಮೇಲೆ ಇಲ್ಲ ಅಂತಿದೆ. ಕಾನ್ಸುಲೇಟಿನ ಹಳೇ ದಾಖಲೆಯಲ್ಲಿ ಮಾತ್ರ ಆ ನಿರಾಕರಣೆ ಹಾಗೇ ಕೂತಿದೆ.

ಆ ತಾಯಿ ಆಡಿದ್ದು ಪ್ರತಿಯೊಂದೂ ನಿಜ. ಸುಳ್ಳು ಇರುವುದು ಕಾಗದದಲ್ಲಿ, ಆದರೆ ಕಾಗದ ಆಕೆಯದು. ಅರ್ಜಿಯ ಕೊನೆಯಲ್ಲಿ ಎರಡು ವಿಷಯ ಇವೆ, ಯಾರೂ ಗಮನಿಸುವುದಿಲ್ಲ. ತುಂಬಲು ಯಾರಾದರೂ ಸಹಾಯ ಮಾಡಿದ್ದಾರೆಯೇ ಎಂಬುದು ಒಂದು. ಅಲ್ಲಿ ಮಗನ ಅಥವಾ ಏಜೆಂಟರ ಹೆಸರನ್ನು ಧಾರಾಳವಾಗಿ ಬರೆಯಿರಿ, ಅದರಿಂದ ನಷ್ಟವಿಲ್ಲ. ಎರಡನೆಯದು ಸಹಿ. ಬೇರೆಯವರು ತುಂಬಿದ್ದರೂ ಸಹಿ ಮಾಡಿ ಕಳಿಸುವ ಗುಂಡಿಯನ್ನು ಅರ್ಜಿದಾರರೇ ಒತ್ತಬೇಕು ಎನ್ನುವುದು ನಿಯಮ. ಅದನ್ನು ಒತ್ತಿದರೆ ಇದರಲ್ಲಿರುವುದೆಲ್ಲ ನಿಜ ಎಂದು ನೀವು ಘೋಷಿಸಿದ ಹಾಗೆ.

ಪರಿಣಾಮ ಎರಡು ಥರ, ವ್ಯತ್ಯಾಸ ತಿಳಿದಿರಲಿ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನಡಿ ನಿರಾಕರಿಸಿದರೆ ಅದು ಕಳಂಕವಲ್ಲ. ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದು ಅವರ ಕಾನೂನೇ ಮೊದಲು ಭಾವಿಸಿಕೊಳ್ಳುತ್ತದೆ. ಹಾಗಲ್ಲ ಎಂದು ಮನವರಿಕೆ ಮಾಡುವುದು ನಮ್ಮ ಪಾಲಿನ ಕೆಲಸ. ಆಗಲಿಲ್ಲವೆಂದರೆ 185 ಡಾಲರ್ ಶುಲ್ಕ ಹೋಯಿತು, ಮತ್ತೆ ಕಟ್ಟಿ ಮತ್ತೆ ಅರ್ಜಿ ಹಾಕಬಹುದು. ಆದರೆ ಬೇಕೆಂದೇ ಸುಳ್ಳು ಹೇಳಿದ್ದಾರೆ ಎಂದು ಅಧಿಕಾರಿ ತೀರ್ಮಾನಿಸಿದರೆ ಅದಕ್ಕೆ ಬೇರೆಯದೇ ಕಲಮು. ಅದರ ನಿಷೇಧಕ್ಕೆ ಕಾಲಮಿತಿ ಇಲ್ಲ, ವಿಶೇಷ ಮಾಫಿ ಸಿಕ್ಕದ ಹೊರತು ಜೀವನಪೂರ್ತಿ. ಒಂದು ರಾತ್ರಿಯ ಗಡಿಬಿಡಿಗೆ ಅಷ್ಟು ದೊಡ್ಡ ಬೆಲೆ ಯಾಕೆ?

ಇನ್ನೊಂದು ಪ್ರಶ್ನೆಯಲ್ಲಿ ಬಹಳ ಜನ ಎಡವುತ್ತಾರೆ. ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಅಂತ. ಮಗ ಅಮೆರಿಕದ ಪ್ರಜೆಯಾಗಿ ನಿಮ್ಮ ಗ್ರೀನ್ ಕಾರ್ಡಿಗೆ ಐ-130 ಹಾಕಿದ್ದರೆ ಉತ್ತರ ಹೌದು ಎಂದೇ ಇರಬೇಕು. ಮಕ್ಕಳು ಹಾಕಿ, ನಿಮಗೆ ಹೇಳುವುದನ್ನು ಮರೆತಿರುತ್ತಾರೆ. ಕೇಳಿ ತಿಳಿದುಕೊಳ್ಳಿ.

ಕಿಟಕಿಯ ಮುಂದಿನ ಮಾತು ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ನೀವು ಹೊತ್ತುಕೊಂಡು ಹೋದ ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಮನೆ ಪತ್ರಗಳ ಫೈಲನ್ನು ತೆರೆಯದೇ ಇರಬಹುದು. ಮಕ್ಕಳ ಆಹ್ವಾನ ಪತ್ರ ಕಡ್ಡಾಯವೂ ಅಲ್ಲ. ಪೆನ್ಷನ್ ಆದೇಶ, ಐಟಿ ರಿಟರ್ನ್ಸ್ ಜೊತೆಗಿರಲಿ, ಕೇಳಿದರೆ ಕೊಡಿ. ಅಧಿಕಾರಿಯ ಕಣ್ಣ ಮುಂದೆ ಖಂಡಿತ ಇರುವುದು ನಿಮ್ಮ ಅರ್ಜಿ. ಅದಕ್ಕೇ ಮತ್ತೆ ಹೇಳುತ್ತೇನೆ, ಓದಿ. ಮಗಳ ಹೆರಿಗೆಗೆ ಹೊರಟಿದ್ದರೆ ಹೆರಿಗೆಗೆ ಅಂತಲೇ ಹೇಳಿ. ಹೆರಿಗೆ ಯಾವಾಗ, ನೀವು ಯಾವಾಗ ಹೋಗಿ ಯಾವಾಗ ಬರುತ್ತೀರಿ, ಖರ್ಚು ಯಾರದು, ಇಲ್ಲಿಗೆ ವಾಪಸು ಬರಲು ನಿಮಗೇನಿದೆ. ಇಷ್ಟು ಸ್ಪಷ್ಟವಾಗಿದ್ದರೆ ಸಾಕು.

ಓದುವ ವಿಧಾನ ಹೀಗೆ. ಕಳಿಸುವ ಮುಂಚೆ ಪರಿಶೀಲನೆಯ ಪುಟಗಳು ಬರುತ್ತವೆ. ಅಲ್ಲಿ ನಿಂತು, ವಿಡಿಯೊ ಕರೆಯಲ್ಲಿ ಪರದೆ ತೋರಿಸುತ್ತಾ ಮಗ ಒಂದೊಂದೇ ಸಾಲು ಓದಿ ಹೇಳಲಿ. ಕಳಿಸಿದ ಮೇಲೆ ಬಾರ್‌ಕೋಡ್ ಇರುವ ದೃಢೀಕರಣದ ಹಾಳೆಯನ್ನಷ್ಟೇ ಅಲ್ಲ, ಪೂರ್ತಿ ಅರ್ಜಿಯನ್ನೂ ಪ್ರಿಂಟ್ ತೆಗೆಸಿಕೊಳ್ಳಿ. ಆಮೇಲೆ ತಪ್ಪು ಕಂಡರೆ ಹೊಸ ಡಿಎಸ್-160 ಹಾಕಬೇಕು, ಅದರ ಹೊಸ ನಂಬರನ್ನು ಅಪಾಯಿಂಟ್‌ಮೆಂಟ್ ಖಾತೆಯಲ್ಲೂ ಮುಂಚಿತವಾಗಿಯೇ ಬದಲಿಸಬೇಕು. ಎರಡು ನಂಬರ್ ತಾಳೆಯಾಗದಿದ್ದರೆ ಬಾಗಿಲಲ್ಲೇ ವಾಪಸು ಕಳಿಸಬಹುದು.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ವಿಶೇಷವಾಗಿ ಮುಖ್ಯ. ನಮ್ಮಲ್ಲಿ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ಹೆಸರು. ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಕೆಳಗೆ ಬರೀ "ಸಾವಿತ್ರಮ್ಮ" ಅಂತಿರುತ್ತದೆ. ಆಗ ಡಿಎಸ್-160ರಲ್ಲಿ ಸಾವಿತ್ರಮ್ಮ ಎಂಬುದನ್ನೇ ಸರ್‌ನೇಮ್ ಜಾಗದಲ್ಲಿ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (FNU, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರೆಯಬೇಕು. ಏಜೆಂಟರು ಗಂಡನ ಹೆಸರನ್ನು ತಾವೇ ಸೇರಿಸಿ ಪೂರ್ತಿ ಮಾಡಿಬಿಡುತ್ತಾರೆ, ಬಿಡಬೇಡಿ. ದುಬೈ ಮೇಲೆ ಹೋಗುವಾಗ ಅಲ್ಲೆರಡು ದಿನ ಇಳಿಯುವ ಯೋಚನೆ ಇದ್ದರೆ, ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ಕೊಡುತ್ತಿಲ್ಲ ಎನ್ನುವುದೂ ನೆನಪಿರಲಿ. ಸಮಯ ಇದ್ದರೆ ಪಾಸ್‌ಪೋರ್ಟ್ ಮರುವಿತರಣೆಯಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳುವುದೇ ಒಳ್ಳೆಯದು.

ಫೋಟೊ ಎರಡಿಂಚು ಚೌಕ, ಬಿಳಿ ಹಿನ್ನೆಲೆ, ಆರು ತಿಂಗಳೊಳಗಿನದು, ಕನ್ನಡಕ ತೆಗೆದು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು ನಿಜ, ಆದರೆ ಅದರ ಜೊತೆಗೆ ವೀಸಾ ಸಂದರ್ಶನ ಶುರುವಾಗಲಿಲ್ಲ. ನಮ್ಮವರು ಹೋಗುವುದು ಹೆಚ್ಚಾಗಿ ಚೆನ್ನೈ, ಹೈದರಾಬಾದಿಗೆ. ಒಂದು ದಿನ ಬೆರಳಚ್ಚು, ಇನ್ನೊಂದು ದಿನ ಸಂದರ್ಶನ. ಕಾನ್ಸುಲೇಟ್ ಒಳಗೆ ಫೋನು, ದೊಡ್ಡ ಬ್ಯಾಗು ಬಿಡುವುದಿಲ್ಲ, ಜೊತೆಗೆ ಬಂದವರ ಕೈಗೆ ಕೊಟ್ಟು ಹೋಗಿ. ಎಂಬತ್ತು ದಾಟಿದವರಿಗೆ ಸಂದರ್ಶನವಿಲ್ಲ ಎಂಬ ಹಳೇ ಮಾತನ್ನು ಈಗ ನಂಬಬೇಡಿ. 2025ರ ಸೆಪ್ಟೆಂಬರ್ 2ರಿಂದ ವಯಸ್ಸಿನ ಆ ವಿನಾಯಿತಿ ಹೋಗಿದೆ.

ವೀಸಾ ಬಂತು, ಹತ್ತು ವರ್ಷದ್ದು. ಹತ್ತು ವರ್ಷ ಅನ್ನುವುದು ಅಲ್ಲಿಯ ಬಾಗಿಲು ತಟ್ಟಲು ಇರುವ ಅವಧಿ. ಒಳಗೆ ಎಷ್ಟು ದಿನ ಇರಬಹುದು ಎನ್ನುವುದನ್ನು ಇಳಿದ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಅದು ಐ-94 ಎಂಬ ದಾಖಲೆಯಲ್ಲಿರುತ್ತದೆ, ಕಾಗದ ಕೊಡುವುದಿಲ್ಲ, ವೆಬ್‌ಸೈಟಿನಲ್ಲಿ ನೋಡಬೇಕು. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಆ ದಿನಕ್ಕೇ ಅವಧಿ ನಿಲ್ಲಿಸಿಬಿಡಬಹುದು, ಆದ್ದರಿಂದ ಹೊರಡುವ ಮೊದಲೇ ನವೀಕರಿಸಿ. ವೀಸಾ ಹಳೇ ಪಾಸ್‌ಪೋರ್ಟಿನಲ್ಲಿದ್ದರೆ ಎರಡನ್ನೂ ಹಿಡಿದುಕೊಂಡು ಹೋಗಿ. ಐ-94 ದಿನಾಂಕ ಮೀರಿ ನಿಂತರೆ ಹತ್ತು ವರ್ಷದ ವೀಸಾ ಅಲ್ಲಿಗೇ ರದ್ದು. ಆ ದಿನಾಂಕದ ಮೇಲೆ ನೂರೆಂಬತ್ತು ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಮೀರಿದರೆ ಹತ್ತು ವರ್ಷ ಒಳಗೆ ಬಿಡುವುದಿಲ್ಲ.

ಸಮಯವಾಯಿತು ಅಂತ ಚೀಟಿ ಬಂದಿದೆ. ಸಾಮಾನಿನ ಬಗ್ಗೆ ಬೇಗ ಹೇಳುತ್ತೇನೆ. ಹಸಿ ಕರಿಬೇವು ಬೇಡ, ಕಿತ್ತಳೆ-ನಿಂಬೆ ಜಾತಿಯ ಗಿಡಗಳಿಗೆ ರೋಗ ತರುವ ಕೀಟ ಅದರ ಮೇಲೆ ಬರುತ್ತದೆ ಅಂತ ತಡೆಯುತ್ತಾರೆ. ಅಕ್ಕಿ, ಹಣ್ಣು, ಮಾಂಸವೂ ಬೇಡ. ಹುಳಿಪುಡಿ, ಸಾರಿನಪುಡಿ, ಬಾಣಂತಿಯ ಶುಂಠಿಪುಡಿ ಚೆಕ್-ಇನ್ ಸೂಟ್‌ಕೇಸಿಗೆ ಹೋಗಲಿ. 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಕೈಬ್ಯಾಗಿನಲ್ಲಿದ್ದರೆ ತೆಗೆಸಿ ನೋಡುತ್ತಾರೆ, ಇಟ್ಟುಕೊಂಡೂ ಬಿಡಬಹುದು. ಲೇಹ್ಯ ಕೂಡ ಸೂಟ್‌ಕೇಸಿಗೇ. ದುಬೈ, ಅಬುಧಾಬಿ ಮೇಲೆ ಹೋಗುವವರು ಪಾಯಸದ ಗಸಗಸೆಯನ್ನು ಮನೆಯಲ್ಲೇ ಬಿಡಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಅಮೆರಿಕದಲ್ಲಿ ಇಳಿದಾಗ ಅಧಿಕಾರಿ ತಿಂಡಿ ಇದೆಯಾ ಅಂದರೆ ಇದೆ ಅನ್ನಿ.

ಮಾತ್ರೆಗಳು ಅಂಗಡಿಯಿಂದ ತಂದ ಸ್ಟ್ರಿಪ್ಪಿನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ, ಎರಡೂ ಕೈಬ್ಯಾಗಿನಲ್ಲಿ. ವಿಮೆ ಕೊಳ್ಳುವಾಗ ಬಿಪಿ, ಶುಗರ್‌ನಂಥ ಹಳೇ ಕಾಯಿಲೆಗೆ ಏನು ಕೊಡುತ್ತೀರಿ ಎಂದು ಮೊದಲು ಕೇಳಿ. ಆಸ್ಪತ್ರೆ ಖರ್ಚಿಗೆ ದಿನಕ್ಕಿಷ್ಟು ಅಂತ ಮಿತಿ ಹಾಕುವ ಅಗ್ಗದ ಪಾಲಿಸಿ ಅಲ್ಲಿನ ಬಿಲ್ಲಿಗೆ ಸಾಲುವುದಿಲ್ಲ. ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಹೇಳಿಡಿ.

ಹೆಚ್ಚು ದಿನ ಉಳಿಯಲೇಬೇಕಾಗಿ ಬಂದರೆ ಐ-94 ಮುಗಿಯುವ ಮೊದಲೇ ಐ-539 ಅರ್ಜಿ ಹಾಕಿಸಿ. ಅದನ್ನೂ ಮಗನೇ ತುಂಬುತ್ತಾನೆ, ಸಹಿ ನಿಮ್ಮದೇ ಇರುತ್ತದೆ, ಹಾಗಾಗಿ ಅದನ್ನೂ ಓದಿ. ಪಾಸ್‌ಪೋರ್ಟ್ ತಂದಿರುವವರು ಮುಂದೆ ಬನ್ನಿ, ಹೆಸರಿನ ಪುಟವನ್ನು ಒಟ್ಟಿಗೆ ನೋಡೋಣ.