ಸ್ಕೋರ್ ಆಮೇಲೆ, ಮೊದಲು ರಕ್ತ ನಿಲ್ಲಿಸಿ

ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದ್ರೂ ಲಿವರಿನ ದೊಡ್ಡ ಆಪರೇಷನ್ ಅಂದ್ರೆ ನಮ್ಮ ಜಿಲ್ಲೆಯವರ ಗಾಡಿ ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಡ್ತದೆ. ಇಲ್ಲಿ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡ್ತಾ ಮಾಡೋ ಆಪರೇಷನ್) ಕಲಿಯೋ ಸರ್ಜನ್‌ಗಳಿಗೆ ಸಿಮ್ಯುಲೇಟರ್, ಅಂದ್ರೆ ಅಭ್ಯಾಸದ ಯಂತ್ರ, ಬೇಕು ಅನ್ನೋದ್ರಲ್ಲಿ ತಕರಾರಿಲ್ಲ. ತಕರಾರು ಇರೋದು, ಅದ್ರಲ್ಲಿ ಏನು ಕಲಿಸ್ತೀರಿ ಅನ್ನೋದ್ರಲ್ಲಿ.

ಆರು ರಬ್ಬರ್ ತುಂಡು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸೋದು, ಗಾಜ್ ಬಟ್ಟೆ ಮೇಲೆ ಬರೆದ ವೃತ್ತ ಕತ್ತರಿಸೋದು, ಪೆಟ್ಟಿಗೆಯೊಳಗೇ ಗಂಟು ಹಾಕೋದು, ಇವೆಲ್ಲ ಬೇಕೇ ಬೇಕು. ಹೊಟ್ಟೆಗೆ ಮಾಡಿದ ತೂತೇ ಆಸರೆಯಾದ್ದರಿಂದ ಕೈ ಎಡಕ್ಕೆ ಸರಿದ್ರೆ ಒಳಗಿನ ಉಪಕರಣದ ತುದಿ ಬಲಕ್ಕೆ ಹೋಗ್ತದೆ. ದೋಣಿಯ ಚುಕ್ಕಾಣಿ ಹಿಡಿದವರಿಗೆ ಇದೇನು ಹೊಸದಲ್ಲ ಬಿಡಿ.

ಲಿವರಿನ ಕತೆ ಬೇರೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರೊಳಗೆ ಹರೀತದೆ. ಲಿವರಿನಿಂದ ರಕ್ತ ಹೊರಗೆ ಒಯ್ಯೋ ಸಿರೆ, ಹೆಪಾಟಿಕ್ ವೇನ್‌ನ ಗೋಡೆ ತೆಳು, ಸ್ವಲ್ಪ ಎಳೆದ್ರೂ ಕಿತ್ತುಹೋಗ್ತದೆ. ಆಗ ರಕ್ತ ಬೆಳಕು ನುಂಗಿ ಸ್ಕ್ರೀನ್ ಕಪ್ಪಾಗ್ತದೆ. ಗಾಬರಿಯಲ್ಲಿ ರಕ್ತ ಹೀರೋ ಸಕ್ಷನ್ ಒತ್ತಿ ಹಿಡಿದ್ರೆ ರಕ್ತದ ಜೊತೆ, ಜಾಗ ಮಾಡೋಕೆ ಹೊಟ್ಟೆಗೆ ತುಂಬಿದ ಗ್ಯಾಸೂ ಹೋಗಿ, ಉಬ್ಬಿದ ಹೊಟ್ಟೆ ಕುಸೀತದೆ, ಇದ್ದ ಜಾಗವೂ ಇಲ್ಲ. ಮೊದಲು ಗಾಜ್ ಒಳಗೆ ಹಾಕಿ ಒತ್ತಿ ಹಿಡೀಬೇಕು. ಪ್ರಿಂಗಲ್ ಟೇಪ್ (ಲಿವರಿಗೆ ರಕ್ತ ತರೋ ನಾಳಗಳನ್ನ ಬಿಗಿಯೋ ಪಟ್ಟಿ) ಮೊದಲೇ ಸುತ್ತಿಟ್ಟಿದ್ರೆ ಬಿಗಿಬೇಕು: 15 ನಿಮಿಷ ಮುಚ್ಚಿ, 5 ನಿಮಿಷ ಬಿಡೋದು. ಬಿಗಿದ್ರೂ ಸುರೀತಿದ್ರೆ ಅದು ಹೆಚ್ಚಾಗಿ ಹೆಪಾಟಿಕ್ ವೇನ್, ರಕ್ತ ಮಹಾಸಿರೆಯಿಂದ ಹಿಮ್ಮುಖ ಬರ್ತಿದೆ. ಸಿರೆಯ ಒತ್ತಡ ಇಳಿಸೋಕೆ ಅರಿವಳಿಕೆ ಡಾಕ್ಟ್ರಿಗೆ ಹೇಳ್ಬೇಕು. ಗ್ಯಾಸ್ ಒತ್ತಡ 12 mmHgಯಿಂದ ಸ್ವಲ್ಪ ಏರಿಸಬಹುದು, ಆದ್ರೆ ತೆರೆದ ಸಿರೆಯೊಳಗೆ ಗ್ಯಾಸ್ ನುಗ್ಗೋ ಅಪಾಯ ಇದ್ದೇ ಇದೆ.

ಸಮಯಕ್ಕೆ, ಕೈ ಓಡಿದ ದೂರಕ್ಕೆ ಅಂಕ ಕೊಡೋ ಯಂತ್ರ ಇದನ್ನ ಕಲಿಸಲ್ಲ, ಅವಸರ ಕಲಿಸ್ತದೆ. ಲಿವರಿನ ಎಂಟು ಸೆಗ್ಮೆಂಟ್‌ಗಳ (ಭಾಗಗಳ) ನಕ್ಷೆ, 30 ಡಿಗ್ರಿ ಓರೆಯಾಗಿ ನೋಡೋ ಕ್ಯಾಮೆರಾ ಅಭ್ಯಾಸಕ್ಕೆ ಅದು ಒಳ್ಳೇದೇ.

ರಕ್ತ ನಿಲ್ಲಿಸೋದು ಕಲಿಯೋಕೆ ಮಟನ್ ಅಂಗಡಿಗೆ ಹೋಗಿ. ಅವತ್ತೇ ಕಡಿದ ಆಡಿನ ಲಿವರ್, ಬುಡದ ನಾಳಗಳನ್ನ ಕತ್ತರಿಸದೆ ಇಡೀದಾಗಿ ಕೊಡಿ ಅನ್ನಿ. ಕರುಳಿನಿಂದ ಲಿವರಿಗೆ ರಕ್ತ ತರೋ ಪೋರ್ಟಲ್ ವೇನಿಗೆ ಟ್ಯೂಬ್ ಕಟ್ಟಿ, ಒಳಗಿನ ಹೆಪ್ಪು ಹೋಗೋವರೆಗೆ ಸಲೈನ್ ಹಾಯಿಸಿ, ಇಲ್ಲಾಂದ್ರೆ ದಾರಿ ಕಟ್ಕೊಳ್ತದೆ. ಆಮೇಲೆ ಕೆಂಪು ಬಣ್ಣದ ಸಲೈನ್. ಬಾಟಲಿ ಲಿವರಿನಿಂದ ಒಂದು ಅಡಿಗಿಂತ ಎತ್ತರ ಬೇಡ. ಪೋರ್ಟಲ್ ಒತ್ತಡ 15 ಸೆಂಟಿಮೀಟರ್ ನೀರಿನಷ್ಟೂ ಇರೋದಿಲ್ಲ, ನೀವು ಸೂರಿಗೆ ನೇತುಹಾಕಿದ್ರೆ ಕಾರಂಜಿ ಆಗ್ತದೆ. ಬಣ್ಣದ ನೀರು ಹೆಪ್ಪುಗಟ್ಟಲ್ಲ, ಹಾಗಾಗಿ ಒತ್ತಿದ್ರಷ್ಟೇ ನಿಲ್ಲಲ್ಲ, ಹೊಲಿಗೆ ಬೇಕು: ತುದಿಗೆ ಗಂಟಿನ ಬದಲು ಕ್ಲಿಪ್ ಹಾಕಿಟ್ಟ, ಸುಮಾರು 12 ಸೆಂಟಿಮೀಟರ್ ಪ್ರೋಲಿನ್ (ಕರಗದ ಹೊಲಿಗೆ) ದಾರ. ರೋಗಿಗಳಿಗೆ ಬಳಸೋ ಉಪಕರಣ ಮಾತ್ರ ಇದಕ್ಕೆ ಮುಟ್ಟಿಸ್ಬೇಡಿ.

ಪರೀಕ್ಷೆ ದಿನ ಕಲಿಯೋರಿಗೆ ಹೇಳದೆ ಈ ಆಡಿನ ಲಿವರಿನ ಒಂದು ನಾಳ ಕತ್ತರಿಸಿ. ಕ್ಯಾಮೆರಾ ಹಿಡಿದವರನ್ನೂ ನೋಡಿ: ರಕ್ತ ಚಿಮ್ಮಿದಾಗ ಎರಡು ಇಂಚು ಹಿಂದೆ ಸರಿದ್ರಾ, ಲೆನ್ಸ್ ಮೇಲೆ ಬೀಳೋಕೆ ಬಿಟ್ರಾ?