ಪ್ರಳಯದ ದೋಣಿಯಲ್ಲಿ ಕುಡಿಯಲು ನೀರೆಲ್ಲಿ?

ಕೇಳುಗರಿಗೆಲ್ಲ ನಮಸ್ಕಾರ. ವಿಜ್ಞಾನ ಕಥೆ ಬರೆಯುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಕಥೆಗಾರನಲ್ಲ. ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಆದರೆ ಸಮುದ್ರದ ಕಥೆ ಅಂದರೆ ನನಗೆ ಪ್ರಾಣ. ಲೋಕವೇ ಹಾಳಾಗಿ, ನಾಲ್ಕು ಮಕ್ಕಳು ಒಂದು ದೋಣಿಯಲ್ಲಿ ಉಳಿದುಕೊಳ್ಳುವ ಕಥೆಯನ್ನು ಈಗಿನ ಹದಿಹರೆಯದವರು ತುಂಬಾ ಇಷ್ಟಪಟ್ಟು ಬರೆಯುತ್ತಾರೆ. ನನಗೂ ತಂದು ತೋರಿಸುತ್ತಾರೆ.

ಓದುತ್ತೇನೆ. ಕರೆಂಟು ಹೋಗುತ್ತದೆ. ಉಪಗ್ರಹಗಳು ಕೈಕೊಡುತ್ತವೆ. ಕಡಲ್ಗಳ್ಳರು ಬರುತ್ತಾರೆ, ಶಾರ್ಕ್ ಬರುತ್ತದೆ, ಮೂರನೇ ಅಧ್ಯಾಯದ ಹೊತ್ತಿಗೆ ಪ್ರೀತಿಯೂ ಬರುತ್ತದೆ. ಇಪ್ಪತ್ತು ದಿನ ಕಳೆದರೂ ಒಬ್ಬರಿಗೂ ಬಾಯಾರಿಕೆ ಮಾತ್ರ ಆಗುವುದಿಲ್ಲ! ಮಕ್ಕಳೇ, ಬೇಜಾರು ಮಾಡಿಕೊಳ್ಳಬೇಡಿ. ನಾನು ಇವತ್ತು ಕೇಳುವುದು ಒಂದೇ ಪ್ರಶ್ನೆ. ನೀರು ಎಲ್ಲಿಂದ ಬಂತು?

ಸುತ್ತ ಇರುವುದೆಲ್ಲ ನೀರೇ ಅಲ್ವಾ ಅನ್ನಬಹುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಮ್ಮ ಮೂತ್ರಪಿಂಡಕ್ಕೆ ಅಷ್ಟು ಗಟ್ಟಿ ಉಪ್ಪುನೀರನ್ನು ಹೊರಹಾಕುವ ತಾಕತ್ತಿಲ್ಲ. ಒಂದು ಲೀಟರ್ ಕುಡಿದರೆ, ಆ ಉಪ್ಪನ್ನು ತೊಳೆದು ಕಳಿಸಲು ಒಂದು ಲೀಟರಿಗಿಂತ ಜಾಸ್ತಿ ನೀರು ಮೈಯಿಂದಲೇ ಹೋಗುತ್ತದೆ. ಕುಡಿದಷ್ಟೂ ಒಣಗುತ್ತೀರಿ.

ಹಾಗಾದರೆ ದೊಡ್ಡ ಹಡಗಿನಲ್ಲಿ ನೀರು ಎಲ್ಲಿಂದ? ಬಂದರಿನಲ್ಲಿ ಟ್ಯಾಂಕಿಗೆ ಸ್ವಲ್ಪ ತುಂಬಿಸಿಕೊಳ್ಳುತ್ತೇವೆ. ಉಳಿದದ್ದನ್ನು ನಡುಸಮುದ್ರದಲ್ಲಿ ನಾವೇ ಮಾಡಿಕೊಳ್ಳುತ್ತೇವೆ. ಎಂಜಿನ್ ತಂಪು ಮಾಡಿ ಬರುವ ನೀರು ಸುಮಾರು 80 ಡಿಗ್ರಿ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಸಮುದ್ರದ ನೀರನ್ನು ಕುದಿಸುತ್ತೇವೆ. ಯಂತ್ರದ ಒಳಗಿನ ಗಾಳಿಯನ್ನು ಎಳೆದು ತೆಗೆದಿರುವುದರಿಂದ ನೀರು 50 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುತ್ತದಲ್ಲಾ, ಹಾಗೆ ಹಬೆ ತಣ್ಣಗಾಗಿ ಸಿಹಿನೀರು ಸಿಗುತ್ತದೆ. ಈಗ ಹೇಳಿ, ಡೀಸೆಲ್ ಮುಗಿದರೆ? ಎಂಜಿನ್ ನಿಂತಿತು. ಎಂಜಿನ್ ನಿಂತರೆ ನೀರೂ ನಿಂತಿತು. ನಿಮ್ಮ ಪ್ರಳಯ ಇಲ್ಲೇ ಇದೆ, ಕಡಲ್ಗಳ್ಳರು ಯಾಕೆ ಬೇಕು?

ಸರಿ, ಹಡಗು ಬಿಟ್ಟು ರಾಫ್ಟಿಗೆ ಇಳಿದಿರಿ ಅಂತಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಗಾಳಿ ತುಂಬಿದ ರಾಫ್ಟಿನಲ್ಲಿ ಒಬ್ಬರಿಗೆ ಒಂದೂವರೆ ಲೀಟರ್ ನೀರು ಇಟ್ಟಿರಬೇಕು. ಲೈಫ್‌ಬೋಟಿನಲ್ಲಿ ಮೂರು ಲೀಟರ್. ಅಷ್ಟೇ. ಮೊದಲ ದಿನ ಗಾಯಾಳುಗಳನ್ನು ಬಿಟ್ಟು ಯಾರಿಗೂ ಕೊಡಬೇಡಿ, ಆಮೇಲೆ ದಿನಕ್ಕೆ ಅರ್ಧ ಲೀಟರ್ ಎಂದು ನಮಗೆಲ್ಲ ಕಲಿಸುತ್ತಾರೆ. ಲೆಕ್ಕ ಹಾಕಿ ನೋಡಿ.

ಇಲ್ಲಿ ಪೂನ್ ಲಿಮ್ ವಿಷಯ ಹೇಳಲೇಬೇಕು. ಚೀನಾದ ಹೈನಾನ್ ದ್ವೀಪದ ಹುಡುಗ. ಬೆನ್‌ಲೊಮಂಡ್ ಎಂಬ ಬ್ರಿಟಿಷ್ ಸರಕು ಹಡಗಿನಲ್ಲಿ ಊಟ ತಿಂಡಿ ಬಡಿಸುವ ಕೆಲಸ. 1942ರ ನವೆಂಬರ್ 23ರಂದು ಅಟ್ಲಾಂಟಿಕ್ ಸಾಗರದ ಮಧ್ಯೆ ಜರ್ಮನ್ ಜಲಾಂತರ್ಗಾಮಿ ಆ ಹಡಗನ್ನು ಹೊಡೆದು ಮುಳುಗಿಸಿತು. ಐವತ್ತಕ್ಕೂ ಹೆಚ್ಚು ಜನರಿದ್ದ ಹಡಗಿನಲ್ಲಿ ಉಳಿದವನು ಅವನೊಬ್ಬನೇ. ಸರಿಯಾಗಿ ಈಜಲೂ ಬರುತ್ತಿರಲಿಲ್ಲ. ಹೇಗೋ ಎಂಟು ಅಡಿಯ ಒಂದು ಮರದ ತೆಪ್ಪ ಸಿಕ್ಕಿತು. ಅದರಲ್ಲಿ ಬಿಸ್ಕತ್ತಿನ ಡಬ್ಬಿ, ಚಾಕೊಲೇಟ್, ಒಂದು ಟಾರ್ಚು, ಸುಮಾರು ನಲವತ್ತು ಲೀಟರ್ ನೀರು.

ಆ ನೀರನ್ನೇ ನಂಬಿ ಅವನು ಕೂರಲಿಲ್ಲ. ಲೈಫ್ ಜಾಕೆಟ್ಟಿನ ಕ್ಯಾನ್ವಾಸ್ ಬಟ್ಟೆ ಬಿಚ್ಚಿ, ಮಳೆನೀರು ಹಿಡಿಯಲು ಹರಡಿದ. ಟಾರ್ಚಿನೊಳಗಿನ ತಂತಿ ಕಿತ್ತು ಗಾಳ ಮಾಡಿದ. ಸೆಣಬಿನ ಹಗ್ಗದ ಎಳೆ ಬಿಡಿಸಿ ಗಾಳದ ದಾರ ಮಾಡಿದ. ದೊಡ್ಡ ಮೀನಿಗೆ ಆ ತಂತಿ ಸಾಲದು ಅಂತ ತೆಪ್ಪದ ಹಲಗೆಯಿಂದ ಮೊಳೆ ಕಿತ್ತು ಬಗ್ಗಿಸಿದ. ಬಿಸ್ಕತ್ತಿನ ಡಬ್ಬಿಯ ತಗಡೇ ಚಾಕು. ಮೀನು ಸೀಳಿ ಹಗ್ಗದ ಮೇಲೆ ಒಣಗಿಸಿಟ್ಟ. ಒಂದು ದಿನ ಬಿರುಗಾಳಿ ಬಂದು ಕೂಡಿಟ್ಟ ನೀರಿಗೆ ಉಪ್ಪುನೀರು ಸೇರಿತು, ಮೀನೂ ಹಾಳಾಯಿತು. ಆಗ ಏನು ಮಾಡಿದ ಗೊತ್ತಾ? ತೆಪ್ಪದ ಮೇಲೆ ಬಂದು ಕೂತ ಹಕ್ಕಿಯನ್ನು ಹಿಡಿದು ಅದರ ರಕ್ತ ಕುಡಿದ. ಕೇಳಲು ಅಸಹ್ಯ, ನಿಜ. ಆದರೆ ಗಮನಿಸಿ, ಆಗಲೂ ಅವನು ಸಮುದ್ರದ ನೀರಿಗೆ ಬಾಯಿ ಹಾಕಲಿಲ್ಲ. ಒಂದು ಹಡಗು ಹತ್ತಿರದಲ್ಲೇ ಹಾದು ಹೋಯಿತು, ಹತ್ತಿಸಿಕೊಳ್ಳಲಿಲ್ಲ. ಮೊದಮೊದಲು ಹಗ್ಗಕ್ಕೆ ಗಂಟು ಹಾಕಿ ದಿನ ಎಣಿಸುತ್ತಿದ್ದವನು ಆಮೇಲೆ ಹುಣ್ಣಿಮೆಗಳನ್ನು ಎಣಿಸಿದ. 1943ರ ಏಪ್ರಿಲ್ 5ರಂದು ಬ್ರೆಜಿಲ್ ಕರಾವಳಿಯ ಹತ್ತಿರ ಮೂವರು ಮೀನುಗಾರರು ಅವನನ್ನು ಎತ್ತಿಕೊಂಡರು. ಒಟ್ಟು 133 ದಿನ! ದಡದಲ್ಲಿ ಯಾರ ಆಸರೆಯೂ ಇಲ್ಲದೆ ನಡೆದ. ಆಮೇಲೆ ಅಮೆರಿಕದ ನೌಕಾಪಡೆಗೆ ಸೇರಲು ಹೋದರೆ ಪಾದ ಚಪ್ಪಟೆ ಅಂತ ವಾಪಸ್ ಕಳಿಸಿದರಂತೆ. ಇದನ್ನು ಹೇಳುವಾಗಲೆಲ್ಲ ನನಗೆ ನಗು ಬರುತ್ತದೆ.

ಅವನ ಹಟ ದೊಡ್ಡದೇ. ಆದರೆ ಹಡಗು ಮುಳುಗಿದ್ದು ಭೂಮಧ್ಯರೇಖೆಯ ಹತ್ತಿರ, ಮಳೆ ಬೀಳುವ ಪಟ್ಟಿಯಲ್ಲಿ. ಬಟ್ಟೆ ಹರಡಿದರೆ ಸಾಕೇ, ಮೋಡವೂ ಇರಬೇಕಲ್ಲ?

ಸಮಯ ಓಡುತ್ತಿದೆ. ಊಟದ ವಿಷಯ, ನಕ್ಷತ್ರ ನೋಡಿ ದಿಕ್ಕು ಹಿಡಿಯುವ ವಿಷಯ ಎಲ್ಲ ಬರೆದುಕೊಂಡು ಬಂದಿದ್ದೆ. ಒಂದನ್ನು ಮಾತ್ರ ಹೇಳುತ್ತೇನೆ. ಕುಡಿಯಲು ನೀರಿಲ್ಲದಾಗ ನಿಮ್ಮ ನಾಯಕಿಗೆ ಸುಮ್ನೆ ಒಣಮೀನು ತಿನ್ನಿಸಬೇಡಿ. ಮೀನು ಮಾಂಸ ಜೀರ್ಣವಾದ ಮೇಲೆ ಉಳಿಯುವ ಕಸವನ್ನು ಹೊರಹಾಕಲೂ ನೀರು ಬೇಕು. ಇನ್ನು ಲಕ್ಷದ್ವೀಪದ ಕವರತ್ತಿಗೆ ಕಥೆ ಒಯ್ಯುವವರಿಗೆ: ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ 2005ರಲ್ಲೇ ಶುರುವಾಗಿದೆ, ದಿನಕ್ಕೆ ಒಂದು ಲಕ್ಷ ಲೀಟರಿನದು. ಸಂತೋಷ. ಆದರೆ ಅದರ ಪಂಪುಗಳು ಓಡುವುದೂ ಬಹುಮಟ್ಟಿಗೆ ಡೀಸೆಲ್ ಜನರೇಟರಿನಲ್ಲೇ!

ನಮ್ಮ ಅರಬ್ಬೀ ಸಮುದ್ರದಲ್ಲೇ ಕಥೆ ನಡೆಯುವುದಾದರೆ ಮೊದಲು ತಿಂಗಳು ಆರಿಸಿ. ಮಲ್ಪೆಯ ಯಾವ ತಾಂಡೇಲನನ್ನು, ಅಂದರೆ ಮೀನುಗಾರಿಕೆ ದೋಣಿ ನಡೆಸುವವನನ್ನು, ಬೇಕಾದರೂ ಕೇಳಿ. ಆಳಸಮುದ್ರಕ್ಕೆ ಹೊರಡುವ ಮುಂಚೆ ಡೀಸೆಲ್, ಐಸು, ನೀರು, ಈ ಮೂರೂ ಆಯ್ತಾ ಅಂತ ನೋಡದೆ ಹಗ್ಗ ಬಿಚ್ಚುವುದಿಲ್ಲ. ಜೂನ್ ಜುಲೈಯಲ್ಲಿ ಬೇಕಾದಷ್ಟು ಮಳೆ, ಆದರೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಿಮ್ಮ ಸಣ್ಣ ದೋಣಿ ಆ ಅಲೆಯಲ್ಲಿ ಉಳಿಯುವುದು ಹೇಗೆ? ಜನವರಿಯಲ್ಲಿ ಸಮುದ್ರ ಶಾಂತ, ಆದರೆ ವಾರಗಟ್ಟಲೆ ಒಂದು ಹನಿ ಬೀಳುವುದಿಲ್ಲ. ನವೆಂಬರ್ ಅನ್ನುತ್ತೀರಾ? 2017ರಲ್ಲಿ ಓಖಿ ಚಂಡಮಾರುತ ಬಂದಿದ್ದು ನವೆಂಬರ್ ಕೊನೆಯಲ್ಲೇ.

ಜನವರಿಯೇ ಬೇಕು ಅಂದರೆ ದೋಣಿಯಲ್ಲಿ ಉಪ್ಪು ಸೋಸುವ ಕೈಪಂಪು ಒಂದನ್ನು ಇಡಿ. ಅಂಥವು ನಿಜವಾಗಿಯೂ ಇವೆ. ಗಂಟೆಗಟ್ಟಲೆ ಒತ್ತಿದರೆ ಗಂಟೆಗೆ ಒಂದು ಲೀಟರಿನಷ್ಟು ಸಿಗುತ್ತದೆ. ನಾಲ್ವರಿಗೆ ಅರ್ಧರ್ಧ ಲೀಟರ್ ಅಂದರೂ ದಿನಾ ಎರಡು ಗಂಟೆಯ ಕೆಲಸ. ಯಾರು ಎಷ್ಟು ಹೊತ್ತು ಒತ್ತುವುದು, ಕೈನೋವು ಅಂತ ಯಾರು ತಪ್ಪಿಸಿಕೊಳ್ಳುವುದು, ತಪ್ಪಿಸಿಕೊಂಡವರಿಗೂ ಸಮಪಾಲು ಕೊಡಬೇಕೋ ಬೇಡವೋ, ಅದನ್ನು ಬರೆಯಿರಿ. ನಮಸ್ಕಾರ.